ಎಲ್ವುಡ್‌ಗೊಂದು ಪ್ರಶ್ನೆ ಏಳುತ್ತಿದೆ

ಎಲ್ವುಡ್ ಪೆನಕ್ ಸರ್ವಾಧಿಕಾರಿಯಾಗಿದ್ದ. ದನಿ ಎತ್ತದ, ಯಾರಿಗೂ ಅಪ್ಪಣೆ ಕೊಡದ, ಮಾತು ಮಾತಿಗೆ ಮುಗುಳ್ನಗುವ ಸರ್ವಾಧಿಕಾರಿ. ಅಪ್ಪಣೆ ಕೊಡುವವನನ್ನಾದರೆ ಎದುರಿಸಬಹುದು, ಇಳಿಸಬಹುದು. ಅಪ್ಪಣೆಯನ್ನೇ ಕೊಡದವನನ್ನು ಯಾವ ಕುರ್ಚಿಯಿಂದ ಇಳಿಸುವುದು? ಅವನು ಸತ್ತಾಗ ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಎದ್ದು ಅವನ ಸೌಮ್ಯ ಸ್ವಭಾವವನ್ನು ಕೊಂಡಾಡಿದರು. ನಾನು ಏಳಲಿಲ್ಲ. ಎದ್ದಿದ್ದರೆ ಮೇಲಿನ ಮಾತುಗಳನ್ನೇ ಹೇಳಬೇಕಾಗುತ್ತಿತ್ತು, ಅದನ್ನು ಕೇಳುವ ಸ್ಥಿತಿಯಲ್ಲಿ ಅವನ ಮಗಳು ಇರಲಿಲ್ಲ.

ಅವನನ್ನು ನಾನು ಮೂವತ್ತು ವರ್ಷಕ್ಕೂ ಮೇಲೆ ಬಲ್ಲೆ. ಪೆನ್ಸಿಲ್ವೇನಿಯಾದ ನಮ್ಮ ಗುಡ್ಡಗಳ ನಡುವೆ, ಹಳ್ಳದ ದಂಡೆಯಲ್ಲಿ, ಬಟನ್‌ವುಡ್ ಎಂಬ ಬೇಸಿಗೆ ಶಿಬಿರವನ್ನು ಅವನು ನಡೆಸುತ್ತಿದ್ದ. ಅದರ ಸಮಿತಿಯಲ್ಲಿ ನಾನಿದ್ದೆ. ನಾವು ಕ್ವೇಕರರು. ನಮ್ಮಲ್ಲಿ ಪಾದ್ರಿಯಿಲ್ಲ, ಉಪದೇಶವಿಲ್ಲ. ಪ್ರತಿಯೊಬ್ಬರೊಳಗೂ ದೇವರ ಬೆಳಕಿದೆ ಎಂದು ನಂಬಿ ಒಟ್ಟಿಗೆ ಮೌನವಾಗಿ ಕೂರುತ್ತೇವೆ, ಒಳಗಿನಿಂದ ಮಾತು ಬಂದವರು ಎದ್ದು ಹೇಳುತ್ತಾರೆ. ಸಭೆ ನಡೆಸುವವರನ್ನು ಅಧ್ಯಕ್ಷರೆನ್ನದೆ ಗುಮಾಸ್ತರೆನ್ನುತ್ತೇವೆ. ಕೈ ಎತ್ತಿಸಿ ಎಣಿಸುವ ಪದ್ಧತಿಯಿಲ್ಲ. ಎಲ್ಲರ ಮನಸ್ಸು ಎಲ್ಲಿ ಬಂದು ನಿಂತಿದೆಯೆಂದು ಗುಮಾಸ್ತರು ಓದಿ, ಬಾಯಿಬಿಟ್ಟು ಹೇಳುತ್ತಾರೆ. ಉಳಿದವರು ಹೂಂಗುಟ್ಟಿದರೆ ಅದೇ ತೀರ್ಮಾನ. ಏಳರ ಮಗುವಿಗೂ ಎಂಬತ್ತರ ಮುದುಕನಿಗೂ ಬರೀ ಹೆಸರು, ಬರೀ ‘ನೀನು’. ಎಲ್ಲರೂ ಸಮಾನರು ಎಂಬುದು ನಮ್ಮ ಹೆಮ್ಮೆ. ಎಲ್ವುಡ್‌ನಂಥವರು ಹುಲುಸಾಗಿ ಬೆಳೆಯುವುದು ಆ ಹೆಮ್ಮೆಯ ನೆರಳಿನಲ್ಲೇ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳಿಬಿಡುತ್ತೇನೆ. ಅವನು ಹೇಡಿಯಲ್ಲ. ಹಾಲು ಮಾರುವ ರೈತರ ಮನೆಯಲ್ಲಿ ಹುಟ್ಟಿದವನು, ಮಹಾಯುದ್ಧ ಬಂದಾಗ ಬಂದೂಕು ಮುಟ್ಟಲಾರೆನೆಂದ. ಸರ್ಕಾರ ಅವನನ್ನು ಹುಚ್ಚಾಸ್ಪತ್ರೆಯ ಕೆಲಸಕ್ಕೆ ಹಾಕಿತು. ಯುದ್ಧ ಮುಗಿಯುವವರೆಗೂ ಅಲ್ಲಿ ರೋಗಿಗಳ ಹೊಲಸು ಬಳಿದ. ಊರಿಗೆ ಬಂದರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಿದ್ದರು. ಒಮ್ಮೆಯೂ ಗೊಣಗಿದವನಲ್ಲ. ಆಮೇಲೆ ನಮ್ಮ ವಸತಿ ಶಾಲೆಯಲ್ಲಿ ಮರಗೆಲಸ ಕಲಿಸಿದ. ಮಾವನ ಕಾಲದ ನಂತರ ಶಿಬಿರ ಅವನ ಕೈಗೆ ಬಂತು. ಊಟದ ಮನೆಯ ಮೇಜುಗಳು, ಮೌನಸಭೆಯ ಬೆಂಚುಗಳು, ಎಲ್ಲವೂ ಅವನು ಮಾಡಿದವು. ಮಳೆನೀರು ನಿಲ್ಲದಿರಲೆಂದು ಬೆಂಚಿನ ಓಕ್ ಪಟ್ಟಿಗಳ ನಡುವೆ ಬೆರಳಗಲ ಸಂದು ಬಿಟ್ಟಿದ್ದ. ಹೆಚ್ಚು ಹೊತ್ತು ಕೂತರೆ ತೊಡೆಯ ಮೇಲೆ ಗೆರೆ ಬೀಳುತ್ತಿತ್ತು. ಒಂದು ದಿಂಬು ಹಾಕಿಸು ಎಂದು ಎಷ್ಟು ಸಲ ಹೇಳಿದ್ದೇನೋ. ಅವನು ಮುಗುಳ್ನಕ್ಕು, “ದಿಂಬು ಬೇಕಾಗಿರೋದು ಮೈಗೋ, ಮನಸ್ಸಿಗೋ?” ಎಂದಿದ್ದ.

ಅದೇ ಅವನ ವಿದ್ಯೆ. ಅವನು ಎಂದೂ ‘ಮಾಡು’ ಎನ್ನಲಿಲ್ಲ, ‘ಬೇಡ’ ಎನ್ನಲಿಲ್ಲ. ಕೆಮ್ಮುತ್ತಿದ್ದ. ಗಂಟಲಿನ ಕೆಮ್ಮಲ್ಲ ಅದು. ಹಿತವಾದ, ಸಣ್ಣ, ಮುನ್ಸೂಚನೆಯ ಕೆಮ್ಮು. ಆಮೇಲೆ, “ನನಗೊಂದು ಪ್ರಶ್ನೆ ಏಳ್ತಿದೆ,” ಎನ್ನುತ್ತಿದ್ದ. ಪ್ರಶ್ನೆ ಏಳುತ್ತಿದ್ದಂತೆ ಕೋಣೆಯಲ್ಲಿದ್ದವರೆಲ್ಲ ಕೂರುತ್ತಿದ್ದರು. ಹುಡುಗರು ಊಟದ ಮನೆಗೆ ಹಳದಿ ಬಣ್ಣ ಬಳಿಯೋಣವೆಂದು ಕುಂಚ ಹಿಡಿದು ನಿಂತಿದ್ದಾಗ ಒಂದು ಪ್ರಶ್ನೆ ಎದ್ದಿತ್ತು. ಗೋಡೆ ಇಂದಿಗೂ ಬೆಳ್ಳಗಿದೆ.

“ನಮ್ಮ ಲೂಥರನ್ ಪಾದ್ರಿ ಬೈತಾನೆ, ನಾವೂ ಮನೇಗ್ ಬಂದು ಅವನ್ನ ಬೈತೀವಿ, ಅಲ್ಲಿಗೆ ಲೆಕ್ಕ ಚುಕ್ತಾ,” ಎನ್ನುತ್ತಿದ್ದಳು ಶಿಬಿರದ ಅಡುಗೆಯ ಓಪಲ್ ಡ್ರಮ್‌ಹೆಲರ್. ಅವಳು ನಮ್ಮವಳಲ್ಲ, ಪಕ್ಕದ ಕಣಿವೆಯ ಜರ್ಮನ್ ರೈತರ ಪೈಕಿ. “ನಿಮ್ಮ ಎಲ್ವುಡ್ ಒಂದು ಪ್ರಶ್ನೆ ಕೇಳ್ತಾನೆ, ನೀವೆಲ್ಲಾ ಒಂದು ವಾರ ನಿದ್ದೆಗೆಡ್ತೀರಿ. ಇದ್ಯಾವ ಧರ್ಮ ಕಣಮ್ಮಾ?”

ಬಟನ್‌ವುಡ್‌ನ ದೊಡ್ಡ ಹೆಸರಿಗೆ ಕಾರಣ ಕಿರಿಯ ನಾಯಕರ ತರಬೇತಿ. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಬೇಸಿಗೆಯಿಡೀ ಇದ್ದು, ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತ ಕಲಿಯುತ್ತಿದ್ದರು. ತಯಾರಾದವರನ್ನು ಸಮಿತಿ ಮುಂದಿನ ಬೇಸಿಗೆಗೆ ಗುಂಪಿನ ನಾಯಕರಾಗಿ ಹೆಸರಿಸುತ್ತಿತ್ತು. ಕಲಿಸುವುದರಲ್ಲಿ ಎಲ್ವುಡ್ ಜಾಣನೇ. ಒದ್ದೆ ಕಟ್ಟಿಗೆಯಲ್ಲಿ ಬೆಂಕಿ ಹೊತ್ತಿಸುವುದು, ಮನೆ ನೆನಪಾಗಿ ಅಳುವ ಮಗುವಿನ ಪಕ್ಕ ಏನೂ ಮಾತಾಡದೆ ಕೂರುವುದು, ಹೊಡೆದಾಡಿಕೊಂಡ ಇಬ್ಬರಿಗೆ ಒಂದೇ ಬಕೆಟ್ ಕೊಟ್ಟು ನೀರು ತರಲು ಕಳಿಸುವುದು, ಎಲ್ಲ ಅವನಿಂದಲೇ. ಆ ಹುಡುಗರು ಮುಂದೆ ಶಾಲೆ ನಡೆಸಿದರು, ಆಸ್ಪತ್ರೆ ನಡೆಸಿದರು. ಅವರಲ್ಲಿ ಹಲವರನ್ನು ನಾನು ಬಲ್ಲೆ. ಎಲ್ಲರೂ ಕೆಮ್ಮುತ್ತಾರೆ, ಎಲ್ಲರಿಗೂ ಪ್ರಶ್ನೆ ಏಳುತ್ತದೆ.

ಆದರೆ ತೀರ್ಮಾನ ಮಾಡುವುದನ್ನು ಅವರು ಎಲ್ಲಿ ಕಲಿತರು? ಕಿರಿಯರ ಸಭೆಗೆಂದೇ ಬಿಟ್ಟುಕೊಟ್ಟ ತೀರ್ಮಾನ ಇಡೀ ಬೇಸಿಗೆಯಲ್ಲಿ ಒಂದೇ ಒಂದು. ಕೊನೆಯ ಶನಿವಾರ ಶಿಬಿರವೆಲ್ಲ ಕೈ ಕೈ ಹಿಡಿದು ಕಾಲ್ನಡಿಗೆಯಲ್ಲಿ ಹಳ್ಳ ದಾಟಿ, ಆಚೆ ದಂಡೆಯ ಹುಲ್ಲುಗಾವಲಿನಲ್ಲಿ ಬೆಂಕಿ ಹಾಕಿ ಜೋಳದ ತೆನೆ ಸುಟ್ಟು ತಿನ್ನಬೇಕು. ಎಲ್ವುಡ್‌ನ ಮಾವನ ಕಾಲದಿಂದ ಬಂದದ್ದು. ದಾಟುವುದೋ ಬೇಡವೋ ಎಂದು ಕಿರಿಯರ ಸಭೆ ತೀರ್ಮಾನಿಸಬೇಕು. ಪ್ರತಿ ವರ್ಷವೂ ಅವರು ಗಂಭೀರವಾಗಿ ಕೂತು ದಾಟುವುದೆಂದು ತೀರ್ಮಾನಿಸುತ್ತಿದ್ದರು. ಬೇರೇನನ್ನಾದರೂ ತೀರ್ಮಾನಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ವರ್ಷ ಹೊಳೆಯಿತು.

ಆ ವರ್ಷ ಕಿರಿಯರ ಗುಮಾಸ್ತಳಾಗಿದ್ದವಳು ಡೆಲಿಯಾ ಯಾರ್ನಲ್. ಹದಿನೇಳು ವಯಸ್ಸು, ಉದ್ದ ಕೈಕಾಲು, ಕಡಿಮೆ ಮಾತು. ಅವಳ ಅಪ್ಪ ರೇಡಿಯೊ ರಿಪೇರಿ ಮಾಡುವವನು. ಮನೆಯಲ್ಲಿ ಮಾತಿಗೆ ಜಾಗವಿಲ್ಲದಷ್ಟು ರೇಡಿಯೊಗಳು ಕೂಗುತ್ತವೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಎಂಟರ ವಯಸ್ಸಿನಿಂದ ಪ್ರತಿ ಬೇಸಿಗೆಯೂ ಇಲ್ಲಿಗೆ ಬಂದವಳು. ಬಟನ್‌ವುಡ್‌ನಲ್ಲಿ ಗುಂಪಿನ ನಾಯಕಿಯಾಗಬೇಕು ಎಂಬುದನ್ನು ಬಿಟ್ಟು ಅವಳು ಬೇರೇನನ್ನೂ ಬಯಸಿದ್ದು ನಾನು ಕಾಣೆ. ಬೇಸಿಗೆಯ ಕೊನೆಯ ವಾರ ಸಮಿತಿ ಅವಳನ್ನು ಹೆಸರಿಸಬೇಕಾಗಿತ್ತು. ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಗುರುವಾರದಿಂದ ಮೇಲಿನ ಗುಡ್ಡಗಳಲ್ಲಿ ಮಳೆ. ಶನಿವಾರ ಬೆಳಿಗ್ಗೆ ಶಿಬಿರದ ಮೇಲೆ ಬಿಸಿಲಿತ್ತು, ಹಳ್ಳ ಮಾತ್ರ ಕೆಂಪಗೆ ತಿರುಗಿತ್ತು. ಅಂದಿನ ಕಿರಿಯರ ಸಭೆಯಲ್ಲಿ ನಾನಿರಲಿಲ್ಲ. ಇದ್ದವರನ್ನು ಆಮೇಲೆ ಬೇರೆ ಬೇರೆಯಾಗಿ ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ.

ಮೊದಲು ಎದ್ದವನು ನೇಟ್. ಶಿಬಿರದ ವಿದೂಷಕ, ಯಾವುದನ್ನೂ ನೆಟ್ಟಗೆ ಹೇಳದವನು. ಅಂದು ನೆಟ್ಟಗೆ ಹೇಳಿದ. “ಬೆಳಿಗ್ಗೆ ನಾನಲ್ಲಿ ಇಳಿದು ನೋಡ್ದೆ. ನನ್ ತೊಡೆವರ್ಗೂ ಇದೆ. ಚಿಕ್ಕವರಿಗೆ ಎದೆವರ್ಗೂ ಬರುತ್ತೆ. ಎಳೀತಿದೆ ಕೂಡ. ಈ ಸಲ ಬೇಡ. ಸೇತುವೆ ಮೇಲಿಂದ ಸುತ್ತಿ ಹೋಗೋಣ.”

ಇನ್ನೊಬ್ಬಳು, “ಹಾಡ್ ಹೇಳ್ಕೊಂಡು ಹೋದ್ರೆ ದಾರಿ ಉದ್ದ ಅನ್ಸಲ್ಲ,” ಎಂದಳು. ಉಳಿದವರೂ ಅದನ್ನೇ ಹೇಳಿದರು. ಡೆಲಿಯಾ ಎಲ್ಲರ ಮುಖ ನೋಡಿದಳು. “ಹಾಗಾದ್ರೆ ಸಭೆಯ ಮನಸ್ಸು...” ಎಂದು ಬಾಯಿ ತೆಗೆದಳು.

ಮೂಲೆಯ ಬೆಂಚಿನಿಂದ ಕೆಮ್ಮು ಕೇಳಿಸಿತು.

ಕಿರಿಯರ ಸಭೆಯಲ್ಲಿ ದೊಡ್ಡವರು ಮಾತಾಡುವಂತಿಲ್ಲ. ಎಲ್ವುಡ್ ಮಾತ್ರ ಸುಮ್ಮನೆ ಮೂಲೆಯಲ್ಲಿ ಕೂತಿರುತ್ತಿದ್ದ, ಸಭೆಗೆ ಒತ್ತಾಸೆಯಾಗಿ ಎಂದು.

“ನನಗೊಂದು ಪ್ರಶ್ನೆ ಏಳ್ತಿದೆ,” ಎಂದ. “ಇಲ್ಲಿ ಮಾತಾಡ್ತಿರೋದು ನಮ್ಮ ಒಳಗಿನ ಬೆಳಕೋ, ನಮ್ಮ ಹೆದರಿಕೆಯೋ?”

ಅಷ್ಟೇ. ಮತ್ತೆ ಕಣ್ಣು ಮುಚ್ಚಿಕೊಂಡ.

ನೇಟ್ ತನ್ನ ಬೂಟು ನೋಡಿಕೊಂಡ. ಹದಿನೇಳರ ಹುಡುಗನೊಬ್ಬ ಎಲ್ಲರೆದುರು ‘ನನ್ನದು ಹೆದರಿಕೆ’ ಎನ್ನುತ್ತಾನೆಯೇ? ಹೆದರದೆ ಯುದ್ಧಕ್ಕೇ ಇಲ್ಲವೆಂದವನ ಎದುರು? “ಯಾರಾದ್ರೂ ಇನ್ನೇನಾದ್ರೂ ಹೇಳೋದಿದ್ಯಾ?” ಎಂದು ಡೆಲಿಯಾ ಕೇಳಿದಳು. ಯಾರೂ ಏಳಲಿಲ್ಲ. ಅವಳು ಕಾದಳು. ಆಮೇಲೆ, “ಸಭೆಯ ಮನಸ್ಸು ದಾಟೋದರ ಕಡೆ ಇದೆ ಅಂತ ಕಾಣುತ್ತೆ,” ಎಂದಳು. ಹೂಂ, ಹೂಂ ಎಂದು ಬೆಂಚುಗಳ ಮೇಲೆ ಗೊಣಗಾಟ ಸಾಗಿತು. ಮೌನವನ್ನು ಒಪ್ಪಿಗೆಯೆಂದು ಓದಿದಳು. ಮೌನವನ್ನೇ ದೇವರ ದನಿಯೆಂದು ಕಲಿಸಿ ಬೆಳೆಸಿದ ಮಕ್ಕಳು ಮಾಡುವ ತಪ್ಪು ಅದು. ಬೇರೆ ಯಾವ ಮಕ್ಕಳೂ ಅದನ್ನು ಮಾಡಲಾರರು. ಬೇರೆ ಮಕ್ಕಳಾಗಿದ್ದರೆ ‘ಹೋಗೋ ಮುದುಕಾ’ ಎನ್ನುತ್ತಿದ್ದರು.

ಮಧ್ಯಾಹ್ನ ನಾನೂ ಓಪಲ್ಲೂ ತೆನೆಯ ಮೂಟೆ, ಪೀಚ್ ಹಣ್ಣಿನ ಕಾಬ್ಲರ್ ಎಂಬ ಸಿಹಿ ತಿಂಡಿಯ ತಟ್ಟೆಗಳನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಸೇತುವೆಯ ದಾರಿಯಲ್ಲಿ ಆಚೆ ದಂಡೆಗೆ ಹೋಗಿದ್ದೆವು. ಬೆಂಕಿ ಹೊತ್ತಿಸಿ ತಿರುಗಿ ನೋಡಿದರೆ ಸಾಲು ನೀರಿಗೆ ಇಳಿಯುತ್ತಿತ್ತು. ಮುಂದೆ ಎಲ್ವುಡ್, ಪ್ಯಾಂಟು ಮೊಣಕಾಲಿಗೆ ಮಡಿಸಿ, ಬಿಳಿ ತಲೆ ಎತ್ತಿ. ಹಿಂದೆ ಮಕ್ಕಳು, ನಡುನಡುವೆ ಕಿರಿಯ ನಾಯಕರು.

ಓಪಲ್ ಕೈಯಲ್ಲಿದ್ದ ತಟ್ಟೆಯನ್ನು ಹುಲ್ಲಿನ ಮೇಲಿಟ್ಟಳು. “ಏನ್ ಮಾಡ್ತಿದಾರೆ ಇವ್ರು? ಆ ನೀರಲ್ಲಿ ನಾನು ನನ್ ಹಂದೀನೂ ಬಿಡಲ್ಲ.”

ನಾನು ದಂಡೆಗೆ ಓಡಿ, ಹಿಂದಕ್ಕೆ ಹೋಗಿ ಎಂದು ಕೂಗಿದೆ. ಹಳ್ಳದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎಲ್ವುಡ್ ಕೈ ಬೀಸಿದ, ನಾನು ಸ್ವಾಗತ ಕೋರುತ್ತಿದ್ದೇನೆಂದು ತಿಳಿದು.

ಅವನು ನಮ್ಮ ದಂಡೆ ಹತ್ತಿದ್ದ. ಸಾಲಿನ ಅರ್ಧ ನೀರಿನಲ್ಲಿತ್ತು. ಒಂಬತ್ತರ ಹೆಟ್ಟಿ, ಕೆಂಪು ಜಡೆಯ ಗಿಡ್ಡ ಹುಡುಗಿ, ಕಾಲು ಜಾರಿದಳು. ಎರಡೂ ಕಡೆಯ ಕೈ ಬಿಟ್ಟುಹೋಯಿತು. ಒಂದು ಸಲ ಜಡೆ ಕಂಡಿತು, ಮತ್ತೆ ಕಾಣಲಿಲ್ಲ. ಡೆಲಿಯಾ ಸಾಲು ಬಿಟ್ಟು ನೀರಿಗೆ ಧುಮುಕಿದಳು. ಕೆಳಗಡೆ ಬಿದ್ದ ಮರವೊಂದು ಹಳ್ಳಕ್ಕೆ ಚಾಚಿಕೊಂಡಿತ್ತು. ಅದರ ಕೊಂಬೆಗಳ ನಡುವಿನಿಂದ ಅವಳು ಮಗುವನ್ನು ನಮ್ಮ ದಂಡೆಗೆ ಎಳೆದು ತೆಗೆದಳು. ನೇಟ್ ಮತ್ತು ಉಳಿದವರು ಮಿಕ್ಕ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದಿನ ದಂಡೆಗೆ ಒಯ್ದರು. ಯಾರೂ ಯಾರನ್ನೂ ಕೇಳಲಿಲ್ಲ. ಹೆಟ್ಟಿ ಉಸಿರಾಡುತ್ತಿದ್ದಳು, ಕಿರುಚುತ್ತಿದ್ದಳು. ಅವಳ ಬಲಗೈ ಬಾಗಬಾರದ ಕಡೆ ಬಾಗಿತ್ತು.

ಎಲ್ವುಡ್ ದಂಡೆಯ ಮೇಲೆ ನಿಂತಿದ್ದ.

“ಅಯ್ಯಾ ಮುದುಕಪ್ಪಾ,” ಓಪಲ್ ಕೂಗಿದಳು, “ಕೇಳು ಈಗ ನಿನ್ ಪ್ರಶ್ನೇನಾ. ಹಳ್ಳಾನ ಕೇಳು. ಉತ್ತರ ಕೊಡುತ್ತೆ!”

ಓಪಲ್ ಟ್ರಕ್ಕಿನಲ್ಲಿ ಮಗುವನ್ನು ಆಸ್ಪತ್ರೆಗೆ ಒಯ್ದಳು. ಮಗುವಿನ ತಾಯಿಗೆ ಫೋನು ಹೋಯಿತು. ಸಂಜೆಯ ಹೊತ್ತಿಗೆ ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿದ್ದಾರೆ, ಬೇರೇನೂ ಅಪಾಯವಿಲ್ಲ ಎಂದು ತಿಳಿಯಿತು. ಸಮಿತಿ ಊಟದ ಮನೆಯಲ್ಲಿ ಸೇರಿತು. ಗುಮಾಸ್ತ ಸೈರಸ್ ಟ್ಯಾಟಂ, ಒಳ್ಳೆಯವನು, ಅಂದರೆ ಯಾರನ್ನೂ ನೋಯಿಸಲು ಬಯಸದವನು. ಅಂಥವರು ಕೊನೆಗೆ ನೋಯಿಸುವುದು ಕೋಣೆಯಲ್ಲಿ ಇಲ್ಲದವರನ್ನು.

“ಏನಾಯ್ತು ಅಂತ ಹೇಳ್ತೀಯಾ, ಎಲ್ವುಡ್?”

“ದಾಟೋ ತೀರ್ಮಾನ ಕಿರಿಯರ ಸಭೇದು,” ಎಂದ ಎಲ್ವುಡ್. ಅವನ ಪ್ಯಾಂಟಿನ ಅಂಚು ಇನ್ನೂ ಒದ್ದೆಯಾಗಿತ್ತು. “ಅವರು ಒಂದೇ ಮನಸ್ಸಿಗೆ ಬಂದ್ರು. ನಾನೊಂದು ಪ್ರಶ್ನೆ ಕೇಳಿದ್ದೆ, ಅಷ್ಟೆ.”

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮವರು ಸುಳ್ಳಾಡುವುದಿಲ್ಲ, ಆಡುವ ಪ್ರತಿ ಮಾತೂ ಸತ್ಯವೇ ಆಗಿರಬೇಕಾದ್ದರಿಂದ ಕೋರ್ಟಿನಲ್ಲಿ ಪ್ರಮಾಣ ಕೂಡ ಮಾಡುವುದಿಲ್ಲ. ಹೀಗಿರುವುದರಿಂದ ನಾವು ಸತ್ಯವನ್ನೇ ಹರಿತ ಮಾಡಿಕೊಂಡಿದ್ದೇವೆ. ಸುಳ್ಳುಗಾರನನ್ನು ಹಿಡಿದುಹಾಕಬಹುದು. ನಿಜವನ್ನು ಇಷ್ಟು ತೆಳ್ಳಗೆ ಸೀಳಿ ಕೊಡುವವನನ್ನು ಏನು ಮಾಡುವುದು?

ಸೈರಸ್ ನಿಟ್ಟುಸಿರಿಟ್ಟ. “ಡೆಲಿಯಾ ಇನ್ನೂ ಹದಕ್ಕೆ ಬಂದಿಲ್ಲ ಅನ್ಸುತ್ತೆ. ಸಭೆಯ ಮನಸ್ಸು ಓದೋದ್ರಲ್ಲಿ ಎಡವಿದಾಳೆ. ಮುಂದಿನ ಬೇಸಿಗೆಗೆ ಅವಳ ಹೆಸರು ಬೇಡ. ಸ್ವಲ್ಪ ಕಾಲ ಹೋಗ್ಲಿ. ಅವಳಿಗೇ ಒಳ್ಳೇದು.”

ಅವಳಿಗೇ ಒಳ್ಳೆಯದು! ನೀರಿಗೆ ಬಿದ್ದು ಮಗುವನ್ನು ತಂದವಳಿಗೆ, ಒದ್ದೆ ತಲೆಯಲ್ಲಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿರುವವಳಿಗೆ, ಒಳ್ಳೆಯದಾಗಲಿ ಎಂದು ಅವಳ ಒಂದೇ ಒಂದು ಆಸೆಯನ್ನು ಕಿತ್ತುಕೊಳ್ಳುತ್ತಿದ್ದರು. ಸುತ್ತ ಕೂತವರು ತಲೆದೂಗಿದರು, ಮೃದುವಾಗಿ, ದುಃಖದಿಂದ. ಎಲ್ವುಡ್ ಏನೂ ಹೇಳಲಿಲ್ಲ. ಒಂದು ಮಾತು ಸಾಕಾಗಿತ್ತು. ಅವನದೊಂದು ಕೆಮ್ಮು ಸಾಕಾಗಿತ್ತು.

“ಅವಳು ಎಡವಿಲ್ಲ, ಸೈರಸ್,” ಎಂದೆ ನಾನು. “ಸರಿಯಾಗೇ ಓದಿದಾಳೆ. ಎಲ್ವುಡ್ ಪ್ರಶ್ನೆ ಕೇಳಿದ ಮೇಲೆ ಆ ಕೋಣೇಲಿ ಉಳಿದಿದ್ದದ್ದು ಒಂದೇ ಮನಸ್ಸು, ಎಲ್ವುಡ್‌ದು. ಅದನ್ನೇ ಓದಿ ಹೇಳಿದ್ಲು.”

“ಇದು ಸ್ವಲ್ಪ ಒರಟಾಯ್ತು...” ಸೈರಸ್ ಶುರುಮಾಡಿದ.

“ಆಗ್ಲಿ. ಎಲ್ವುಡ್, ನೀನು ಪ್ರಶ್ನೆ ಕೇಳಿ, ನಿನಗೆ ಬೇಡದ ಉತ್ತರ ಬಂದದ್ದು ಯಾವತ್ತಾದ್ರೂ ಇದ್ಯಾ? ಒಂದೇ ಒಂದು ಸಲ? ಯೋಚನೆ ಮಾಡಿ ಹೇಳು, ಕಾಯ್ತೀನಿ.”

ಅವನು ಯೋಚಿಸಿದ. ಅದನ್ನು ಅಲ್ಲಗಳೆಯಲಾರೆ, ನಿಜವಾಗಿಯೂ ಯೋಚಿಸಿದ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಯಾವುದೋ ಹಳೆಯ ಬೆಂಚಿನ ಅಳತೆ ನೆನಪಿಸಿಕೊಳ್ಳುವವನಂತೆ.

“ಅವಳ ಹೆಸರು ಬಿಡೋದಕ್ಕೆ ನಾನು ಅಡ್ಡ ನಿಲ್ತೀನಿ,” ಎಂದೆ. ನಮ್ಮಲ್ಲಿ ಒಬ್ಬರು ಅಡ್ಡ ನಿಂತರೂ ತೀರ್ಮಾನ ಆಗುವುದಿಲ್ಲ. ಆದರೆ ಸೇರಿಸಲಿಕ್ಕೂ ಅವರು ಒಪ್ಪಲಿಲ್ಲ. ಅವಳ ಹೆಸರು ಆಚೆಗೂ ಇಲ್ಲ, ಈಚೆಗೂ ಇಲ್ಲ ಎಂದು ತೂಗುತ್ತ ಉಳಿಯಿತು. ಸೈರಸ್, “ಡೆಲಿಯಾಳನ್ನ ಬೆಳಕಿನಲ್ಲಿಟ್ಟು ಸ್ವಲ್ಪ ಹೊತ್ತು ಕೂರೋಣ,” ಎಂದ. ಎಲ್ಲರೂ ಕಣ್ಣು ಮುಚ್ಚಿದರು. ನಾನು ಎದ್ದು ಹೊರಗೆ ಬಂದೆ. ಆ ಹುಡುಗಿಗೆ ಬೇಕಾಗಿದ್ದದ್ದು ಒಣ ಟವೆಲ್ಲು.

ಅದನ್ನು ಆಸ್ಪತ್ರೆಯಿಂದ ಬಂದ ಓಪಲ್ ಆಗಲೇ ಕೊಟ್ಟಿದ್ದಳು. ಮಡಿಲಲ್ಲಿ ಕಾಬ್ಲರಿನ ಬಟ್ಟಲನ್ನೂ ಇಟ್ಟಿದ್ದಳು, ಡೆಲಿಯಾ ಅದನ್ನು ಮುಟ್ಟಿರಲಿಲ್ಲ.

“ಕಿಟಕಿ ತೆಗೆದಿತ್ತು,” ಎಂದಳು ಡೆಲಿಯಾ. “ಎಲ್ಲಾ ಕೇಳಿಸ್ತು.”

“ಒಳ್ಳೇದೇ ಆಯ್ತು. ಮತ್ತೆ ಹೇಳೋ ಕೆಲಸ ತಪ್ತು.”

“ನೀನು ಹೇಳಿದ್ದು ಸರಿಯಲ್ಲ. ಅವನು ಹೇಳಿಸಿದ್ದಲ್ಲ. ನಾನೇ ಹೇಳಿದ್ದು. ನನ್ ಬಾಯಿಂದ ಬಂದಿದ್ದು.”

“ಹೌದು, ನಿನ್ನ ತಪ್ಪಿದೆ,” ಎಂದೆ. ಸಮಾಧಾನಕ್ಕೆ ಸುಳ್ಳು ಹೇಳುವುದು ನನಗೆ ಬರುವುದಿಲ್ಲ. “ನೇಟ್ ಬೂಟು ನೋಡ್ಕೊಂಡಾಗ, ‘ನೇಟ್, ನಿನ್ ಮಾತು ಬದಲಾಯ್ತಾ?’ ಅಂತ ನೀನು ಕೇಳ್ಬೇಕಿತ್ತು. ಕೇಳ್ಲಿಲ್ಲ. ಅಷ್ಟು ನಿನ್ನದು. ಉಳಿದಿದ್ದು ಬೇರೆಯವರದು. ಅದನ್ನೂ ನೀನೇ ಹೊತ್ಕೊಂಡು ದೊಡ್ಡವಳಾಗೋಕೆ ಹೋಗ್ಬೇಡ.”

ಅವಳು ಟವೆಲ್ಲಿನ ಅಂಚು ಹಿಂಡಿದಳು. “ಅಪ್ಪನಿಗೆ ಫೋನ್ ಮಾಡಿದೀನಿ. ಬೆಳಿಗ್ಗೆ ಬೇಗ ಬರ್ತಾನೆ. ನಾಳೆ ಸಭೆಗೆ ಕೂರಲ್ಲ. ಮತ್ತೆ ಇಲ್ಲಿಗೆ ಬರೋದೂ ಇಲ್ಲ. ಹೆಟ್ಟಿ ಅಮ್ಮನ್ ಮುಖ ನಾನು ಹೇಗೆ ನೋಡ್ಲಿ?”

ನಾನು ಉತ್ತರ ಕೊಡುವ ಮೊದಲೇ ಓಪಲ್ ನನ್ನ ಭುಜದಾಚೆ ನೋಡುತ್ತ, “ಯಾಕಪ್ಪಾ, ಪ್ರಶ್ನೆ ಖಾಲಿಯಾಯ್ತಾ?” ಎಂದಳು. ತಿರುಗಿದೆ. ಜಾಲರಿ ಬಾಗಿಲ ಹಿಂದೆ ಎಲ್ವುಡ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಬಾಗಿಲು ತೆರೆದು, ನಮ್ಮನ್ನು ಬಳಸಿಕೊಂಡು, ಮೆಟ್ಟಿಲಿಳಿದು ತನ್ನ ಗುಡಿಸಲ ಕಡೆ ನಡೆದ. ಹುಡುಗಿಗೆ ಒಂದು ಮಾತೂ ಹೇಳದೆ! ನನಗೆ ಕೈಗೆ ಸಿಕ್ಕಿದ್ದನ್ನು ಅವನ ಬೆನ್ನಿಗೆ ಎಸೆಯಬೇಕೆನಿಸಿತು. ಶಾಂತಿವಾದಿಗಳ ಮನೆಯಲ್ಲಿ ಹುಟ್ಟಿದ್ದಕ್ಕೆ ತಡೆದುಕೊಂಡೆ.

ಭಾನುವಾರ ಬೆಳಿಗ್ಗೆ ತಂದೆತಾಯಂದಿರ ಕಾರುಗಳು ಬರತೊಡಗಿದವು. ಶಿಬಿರ ಮುಗಿಯುವುದು ಹಳ್ಳದ ದಂಡೆಯ ದೊಡ್ಡ ಮರದಡಿಯ ಮೌನಸಭೆಯಿಂದ. ಡೆಲಿಯಾ ಕೈಚೀಲ ಹಿಡಿದು ದಾರಿಯ ತಲೆಯಲ್ಲಿ ಅಪ್ಪನಿಗಾಗಿ ಕಾಯುತ್ತಿದ್ದಳು. ಮೊದಲು ಬಂದ ಕಾರಿನಿಂದ ಹೆಟ್ಟಿ ಇಳಿದಳು, ಪ್ಲಾಸ್ಟರಿನ ಕೈ ಕೊರಳಿಗೆ ಜೋತು, ಹಿಂದೆ ಬಿಗಿದ ಮುಖದ ತಾಯಿ. ಡೆಲಿಯಾ ಅತ್ತಳು.

“ಕೈ ಮುರ್ಕೊಂಡೋಳು ನಾನು, ಅಳೋಳು ನೀನಾ?” ಎಂದಳು ಹೆಟ್ಟಿ. “ಬಾ, ನನ್ ಪಕ್ಕ ಕೂತ್ಕೋ. ಇದರ ಮೇಲೆ ಎಲ್ಲರ ಹತ್ರ ಹೆಸರು ಬರೆಸ್ಬೇಕು, ಹಿಡ್ಕೊಳ್ಳೋಕೆ ಒಬ್ರು ಬೇಕು.” ತಾಯಿ ಡೆಲಿಯಾಳನ್ನು ನೋಡಿ, “ಹೋಗು,” ಎಂದಳು. ಮೃದುವಾಗಿ ಹೇಳಲಿಲ್ಲ. ಆದರೂ ಹೇಳಿದಳು. ಕೈಚೀಲ ದಾರಿಯ ಬದಿಯಲ್ಲೇ ಉಳಿಯಿತು.

ಎದುರಿನ ಬೆಂಚು ಹಿರಿಯರದು. ಅಲ್ಲಿ ಕೂತ ಹಿರಿಯರೊಬ್ಬರು ಸಮಯವಾಯಿತೆಂದು ಅನ್ನಿಸಿದಾಗ ಪಕ್ಕದವರ ಕೈ ಕುಲುಕುತ್ತಾರೆ, ಅವರು ಅವರ ಪಕ್ಕದವರದು. ಹಾಗೆ ಸಭೆ ಮುಗಿಯುತ್ತದೆ. ಬಟನ್‌ವುಡ್‌ನಲ್ಲಿ ಸಭೆ ಮುಗಿಸುವವನು ಎಲ್ವುಡ್. ಅವನು ಶಿಬಿರ ವಹಿಸಿಕೊಂಡ ಮೇಲೆ ಬೇರೆ ಯಾರ ಕೈಯೂ ಅಲ್ಲಿ ಮೊದಲು ಚಾಚಿದ್ದಿಲ್ಲ. ಜ್ವರದಲ್ಲೂ ಕಂಬಳಿ ಹೊದ್ದು ಬಂದು ಕೂತಿದ್ದ.

ಮೌನ ಕೂಡಿತು. ಸ್ವಲ್ಪ ಹೊತ್ತಿಗೆ ಎಲ್ವುಡ್ ಎದುರಿನ ಬೆಂಚಿನಿಂದ ಎದ್ದ. ಮಾತಾಡುತ್ತಾನೆ ಎಂದುಕೊಂಡೆವು. ಅವನು ಕೆಮ್ಮಿದ. ಇಡೀ ಸಭೆ ಮೈ ಬಿಗಿ ಮಾಡಿಕೊಂಡಿತು. ನೇಟ್ ಕಣ್ಣು ಮುಚ್ಚಿದ. ಪ್ರಶ್ನೆ ಏಳಲಿಲ್ಲ. ಎಲ್ವುಡ್ ಒಂದು ಗಳಿಗೆ ನಿಂತಿದ್ದು, ನೋಯುವ ಮಂಡಿಯ ಕಾಲನ್ನು ಎಳೆಯುತ್ತ ಸಾಲುಗಳ ನಡುವೆ ಬಂದು, ಕಿರಿಯ ನಾಯಕರ ಬೆಂಚಿನ ಹಿಂದಿನ ಬೆಂಚಿನ ತುದಿಯಲ್ಲಿ ಕೂತ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ, ಚಳಿಯಾದ ಮಕ್ಕಳು ಇಟ್ಟುಕೊಳ್ಳುವಂತೆ.

ಸಮಯ ಮೀರಿತು. ತಂದೆಯೊಬ್ಬ ಗಡಿಯಾರ ನೋಡಿದ. ಅಡುಗೆಮನೆಯಲ್ಲಿ ಓಪಲ್ ಮುಚ್ಚಳ ಬಡಿದಳು, ಕಾಫಿ ಆರುತ್ತಿದೆ ಎಂಬ ಅರ್ಥದಲ್ಲಿ. ಸೈರಸ್ ಎದುರಿನ ಬೆಂಚಿನಲ್ಲಿ ಒಬ್ಬನೇ ಚಡಪಡಿಸುತ್ತ ಎಲ್ವುಡ್‌ನನ್ನು ನೋಡಿದ. ಎಲ್ವುಡ್ ಡೆಲಿಯಾಳ ಬೆನ್ನನ್ನು ನೋಡುತ್ತಿದ್ದ. ನನಗೆ ಮೊದಲು ಬಂದದ್ದು ಸಿಟ್ಟೇ. ಇದೂ ಅವನ ಹಳೆಯ ಆಟವೇ, ಬಾಯಿ ಬಿಡದೆ ಎಲ್ಲರನ್ನೂ ತನಗೆ ಬೇಕಾದಂತೆ ಕುಣಿಸುವುದೇ ಎಂದುಕೊಂಡೆ. ನಿನ್ನೆ ಒಂದು ಮಾತಿನಲ್ಲಿ ಮುಗಿಯುತ್ತಿದ್ದುದನ್ನು ಇಂದು ಇಷ್ಟು ಜನರನ್ನು ಕಾಯಿಸಿ ಮಾಡಬೇಕೆ?

ನೇಟ್ ಡೆಲಿಯಾಳ ಪಕ್ಕೆಗೆ ತಿವಿದು ಎದುರಿನ ಬೆಂಚಿನ ಖಾಲಿ ಜಾಗದ ಕಡೆ ಕಣ್ಣು ತೋರಿಸಿದ. ಅವಳು ಹಿಂದೆ ತಿರುಗಿ ನೋಡಿದಳು. ಮುದುಕ ಅಲುಗಲಿಲ್ಲ, ಮುಗುಳ್ನಗಲಿಲ್ಲ, ತಲೆಯಾಡಿಸಲಿಲ್ಲ. ಸಭೆ ಮುಗಿಸುವುದನ್ನು ತನಗೆ ಬಿಟ್ಟಿದ್ದಾನೆಂದು ಅವಳಿಗೆ ಅರ್ಥವಾಯಿತು. ಕಿವಿ ಕೆಂಪಾದವು. ಕೂಡಲೇ ಕೈ ಚಾಚುತ್ತಾಳೆಂದುಕೊಂಡೆ. ಚಾಚಲಿಲ್ಲ. ಕೂತಲ್ಲೇ ಮೈ ತಿರುಗಿಸಿ, ಕಣ್ಣು ತೆರೆದುಕೊಂಡೇ, ಸಾಲು ಸಾಲಾಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಹೆಟ್ಟಿಯ ತಾಯಿಯ ಮುಖದ ಮೇಲೆ ಹೆಚ್ಚು ಹೊತ್ತು ನಿಂತಳು. ಆಕೆ ಅಳುತ್ತಿದ್ದಳು, ಅವಳು ಮುಗಿಸುವವರೆಗೆ ಡೆಲಿಯಾ ಕಾದಳು. ಗಡಿಯಾರ ನೋಡಿದವನು ಮತ್ತೆ ನೋಡಿದ, ಅವನಿಗೂ ಕಾದಳು. ಸೈರಸ್ ತಲೆ ತಗ್ಗಿಸಿದ. ಸಭೆ ಮುಗಿಸಿದವರನ್ನು ಹದಕ್ಕೆ ಬಂದಿಲ್ಲ ಎನ್ನಲು ನಮ್ಮಲ್ಲಿ ದಾರಿಯಿಲ್ಲ, ಅದು ಅವನಿಗೆ ಗೊತ್ತಿತ್ತು.

ಆಮೇಲೆ ಅವಳು ಪಕ್ಕಕ್ಕೆ ತಿರುಗಿ ಹೆಟ್ಟಿಯ ಎಡಗೈ ಕುಲುಕಿದಳು.

ಕೈಯಿಂದ ಕೈಗೆ ಅದು ಬೆಂಚು ಬೆಂಚು ದಾಟಿತು. ಜನ ಎದ್ದರು, ಮಾತು ಶುರುವಾಯಿತು. ದಾರಿಯ ತಲೆಯಲ್ಲಿ ಡೆಲಿಯಾಳ ಅಪ್ಪ ಕೈಚೀಲದ ಪಕ್ಕ ನಿಂತು ಇವಳಿಗಾಗಿ ಕೈ ಬೀಸುತ್ತಿದ್ದ. ಎಲ್ವುಡ್ ಕೂತೇ ಇದ್ದ, ಕೈಗಳು ತೊಡೆಯ ಕೆಳಗೇ. ಹೆಟ್ಟಿ ಹಿಂದಕ್ಕೆ ಬಂದು ಅವನೆದುರು ನಿಂತು ಎಡಗೈ ಚಾಚಿದಳು. “ಏನ್ ಎಲ್ವುಡ್, ನಿನಗಿನ್ನೂ ಸಿಕ್ಕಿಲ್ವಾ?”

“ಇಲ್ಲ,” ಎಂದ. “ಕಾಯ್ತಿದ್ದೆ.”

ಬಲಗೈಯನ್ನು ಈಚೆ ತೆಗೆದ. ಅಂಗೈಯ ಮೇಲೆ ಬೆಂಚಿನ ಪಟ್ಟಿಯ ಅಂಚು ಕೆಂಪಗೆ, ಆಳವಾಗಿ ಒತ್ತಿ ಕೂತಿತ್ತು. ಬೆರಳುಗಳು ಮರಗಟ್ಟಿದ್ದವು, ಅವು ಮಗುವಿನ ಕೈಯನ್ನು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು.